ರೆಕ್ಕೆಯ ಜನರಿಗೊಬ್ಬ ದೇವರು: ಪ್ರೀತಿ, ಕಟ್ಟಳೆ ಎರಡನ್ನೂ ಒಟ್ಟಿಗೆ ಕಟ್ಟುವುದು ಹೇಗೆ

ನಾನು ಮಾಡಿದ ಮೊದಲ ಪ್ರೇಮದೇವರಿಗೆ ಬಂಗಾರದ ರೆಕ್ಕೆ ಇತ್ತು. ಒಂದು ಕೈಯಲ್ಲಿ ಹೂವು, ಇನ್ನೊಂದರಲ್ಲಿ ತಕ್ಕಡಿ. ಟೇಬಲ್ ಸುತ್ತ ಕೂತು, ಒಬ್ಬರು ಕಥೆ ನಡೆಸುತ್ತಾ ಉಳಿದವರು ಒಂದೊಂದು ಪಾತ್ರವಾಗಿ ಆಡುವ ರೋಲ್‌ಪ್ಲೇ ಆಟಕ್ಕೆ ಅಂತ ಎರಡು ಪುಟ ಪುರಾಣ ಬರೆದಿದ್ದೆ. ಎರಡನೇ ವಾರಕ್ಕೆ ಆಟಗಾರರಿಗೆ ಅವನ ಹೆಸರು ಮರೆತಿತ್ತು, "ಆ ತಕ್ಕಡಿ ದೇವರು" ಅನ್ನುತ್ತಿದ್ದರು. ಮೂರನೇ ವಾರಕ್ಕೆ ಅದೂ ಇಲ್ಲ.

ತಪ್ಪು ಅವರದಲ್ಲ. ಪ್ರೀತಿಯನ್ನು ಒಂದು ಕೈಗೆ ಕೊಟ್ಟು, ಶಿಸ್ತನ್ನು ಇನ್ನೊಂದು ಕೈಗೆ ಕೊಟ್ಟು, ಬೆನ್ನಿಗೆ ರೆಕ್ಕೆ ಅಂಟಿಸಿ ಇವನೇ ದೇವರು ಅಂದಿದ್ದೆ. ಮೂರಕ್ಕೂ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಆ ರೆಕ್ಕೆ ಕಿತ್ತು ಹಾಕಿದ್ದರೂ ಕಥೆಯಲ್ಲಿ ಏನೂ ಬದಲಾಗುತ್ತಿರಲಿಲ್ಲ, ಅಲ್ವಾ? ಹಾಗಿದ್ದ ಮೇಲೆ ಅವರು ರೆಕ್ಕೆಯ ಜನ ಆಗಿದ್ದು ಯಾಕೆ?

ಕಥೆ ಬರೆಯುವವರಿಗೂ ಆಟ ನಡೆಸುವವರಿಗೂ ಇದು ಕೆಲಸಕ್ಕೆ ಬರುತ್ತದೆ ಅಂದುಕೊಂಡು, ಎರಡನೇ ಸಲ ನಾನು ಆ ದೇವರನ್ನು ಹೇಗೆ ಕಟ್ಟಿದೆ ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಉದಾಹರಣೆಗೆ ನನ್ನ ಜನರನ್ನೇ ಇಟ್ಟುಕೊಳ್ಳೋಣ. ಅವರ ಹೆಸರು ಗರಿಯವರು. ನಿಮ್ಮ ಜನ ಬೇರೆ ಇರಬಹುದು, ದಾರಿ ಇದೇ.

ಹೆಜ್ಜೆ 1: ದೇವರನ್ನು ಪಕ್ಕಕ್ಕಿಡಿ, ಮೊದಲು ರೆಕ್ಕೆ ಅಳೆಯಿರಿ

ದೇವರ ಮುಖ, ಕಿರೀಟ, ಆಯುಧ ಯಾವುದೂ ಈಗ ಬೇಡ. ಆ ಜನರ ಮೈ ಹೇಗಿದೆ ನೋಡಿ.

ಆಫ್ರಿಕಾದ ಕೋರಿ ಬಸ್ಟರ್ಡ್ ಈಗ ಹಾರಾಡುವ ತೀರಾ ಭಾರದ ಹಕ್ಕಿಗಳಲ್ಲಿ ಒಂದು. ದೊಡ್ಡ ಗಂಡು 18 ಕಿಲೋ ಆಸುಪಾಸು ತೂಗುತ್ತದೆ. ವಾಂಡರಿಂಗ್ ಆಲ್ಬಟ್ರಾಸ್ ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ 3.5 ಮೀಟರ್ ತನಕ ಬರುತ್ತದೆ. ಮನುಷ್ಯರ ತೂಕಕ್ಕೆ ಹತ್ತಿರದ ಹಕ್ಕಿ ಬೇಕೆಂದರೆ ಸುಮಾರು 60 ಲಕ್ಷ ವರ್ಷ ಹಿಂದೆ ಅರ್ಜೆಂಟೀನಾದಲ್ಲಿದ್ದ ಅರ್ಜೆಂಟಾವಿಸ್ ಹತ್ತಿರ ಹೋಗಬೇಕು. ಅದರ ತೂಕ 70 ಕಿಲೋ ಇತ್ತೆಂದು ಅಂದಾಜು, ರೆಕ್ಕೆ 6ರಿಂದ 7 ಮೀಟರ್. ನಮ್ಮದು ಕಲ್ಪನೆಯ ಲೋಕ, ಲೆಕ್ಕಕ್ಕೆ ಜೋತು ಬೀಳಬೇಕಿಲ್ಲ. ಆದರೆ ಒಂದು ಸಲ ಈ ಅಳತೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇಬ್ಬರು ಪ್ರೇಮಿಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ.

ನಿಲ್ಲಿಸಲು ಆಗುವುದಿಲ್ಲ! ಇಬ್ಬರೂ ರೆಕ್ಕೆ ಬಿಚ್ಚಿದರೆ ನಡುವೆ ಆರೇಳು ಮೀಟರ್ ದೂರ. ಆಕಾಶದಲ್ಲಿ ಅವರು ಕೂಗಿ ಮಾತಾಡಬಹುದು, ಮುಟ್ಟಲು ಆಗುವುದಿಲ್ಲ. ಹತ್ತಿರ ಬರಬೇಕು ಅಂದರೆ ರೆಕ್ಕೆ ಮಡಚಬೇಕು, ಮಡಚಿದರೆ ಬೀಳುತ್ತಾರೆ.

ಇದು ಹೊಳೆದ ದಿನ ನನ್ನ ಹಳೇ ಎರಡು ಪುಟ ಹರಿದು ಹಾಕಿದೆ. ರೆಕ್ಕೆಯ ಜನಕ್ಕೆ ಅಪ್ಪುಗೆಯೂ ಬೀಳುವುದೂ ಪಕ್ಕಪಕ್ಕದಲ್ಲೇ ಇವೆ. ಪ್ರೀತಿಗೆ ಕಟ್ಟಳೆ ಯಾಕೆ ಬೇಕು ಅನ್ನುವ ಪ್ರಶ್ನೆಗೆ ಉತ್ತರ ಅವರ ಬೆನ್ನಿನ ಮೇಲೇ ಇತ್ತು.

ಇನ್ನೂ ಎರಡು ವಿಷಯ ತೀರ್ಮಾನ ಮಾಡಿಕೊಳ್ಳಿ. ಒಂದು, ಅವರು ಮೇಲೆ ಏರುವುದು ಹೇಗೆ. ಭಾರದ ಹಕ್ಕಿಗಳಲ್ಲಿ ಹಲವು ರೆಕ್ಕೆ ಬಡಿದು ಬಡಿದು ಏರುವುದಕ್ಕಿಂತ, ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯಲ್ಲಿ ಸುತ್ತು ಹಾಕುತ್ತಾ ಏರುತ್ತವೆ. ಅಂದರೆ ನೆಲ ಕಾಯುವ ತನಕ ಕಾಯಬೇಕು. ಗರಿಯವರ ಬೆಳಗು ಪೂರ್ತಿ ನೆಲದ ಮೇಲೆ. ಜಗಳ, ಹರಟೆ, ಪ್ರೇಮನಿವೇದನೆ ಎಲ್ಲಾ ಬೆಳಿಗ್ಗೆಯೇ ಮುಗಿಯುತ್ತದೆ. ನಮ್ಮ ಕಥೆಗಳಲ್ಲಿ ಪ್ರೇಮಿಗಳಿಗೆ ಬೆಳದಿಂಗಳು, ಅವರಿಗೆ ಎಳೆಬಿಸಿಲು.

ಇನ್ನೊಂದು, ಗರಿ ಉದುರುವ ಕಾಲ. ಅದು ಎಷ್ಟು ಕೆಲಸಕ್ಕೆ ಬರುತ್ತದೆ ಅಂದರೆ ಅದಕ್ಕೇ ಮುಂದೆ ಒಂದು ಹೆಜ್ಜೆ ಮೀಸಲಿಟ್ಟಿದ್ದೇನೆ.

ಹೆಜ್ಜೆ 2: ಪ್ರೀತಿ, ಕಟ್ಟಳೆ ಎರಡಕ್ಕೂ ಆಗುವ ಒಂದೇ ಪದ ಹುಡುಕಿ

ಪ್ರೀತಿ ಅಂದರೆ ಬಿಡುಗಡೆ, ಕಟ್ಟಳೆ ಅಂದರೆ ಬೇಲಿ ಅಂತ ಶುರು ಮಾಡಿದರೆ ದೇವರು ಎರಡು ತುಂಡಾಗುತ್ತಾನೆ. ಆಮೇಲೆ ಜೀವನಪೂರ್ತಿ ಅಂಟು ಹಾಕುತ್ತಾ ಕೂರಬೇಕು.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಒಂದು ಸುಲಭದ ದಾರಿ ಇದೆ. 'ಕಟ್ಟು' ಅನ್ನುವ ಪದ ನೋಡಿ. ಗೂಡು ಕಟ್ಟುತ್ತೇವೆ, ಮಾತು ಕಟ್ಟುತ್ತೇವೆ. ಕಟ್ಟಿಕೊಂಡವನು, ಕಟ್ಟಿಕೊಂಡವಳು ಅಂತೀವಿ. ಕಟ್ಟುಪಾಡು, ಕಟ್ಟಳೆ, ಕಟ್ಟುನಿಟ್ಟು ಎಲ್ಲಾ ಅದೇ ಬೇರಿನಿಂದ ಬಂದಿದ್ದು. ಸಂಬಂಧವೂ ನಿಯಮವೂ ಒಂದೇ ಪದದಲ್ಲಿ ಕೂತಿವೆ, ನಾವು ಗಮನಿಸಿರಲಿಲ್ಲ ಅಷ್ಟೇ. ನನ್ನ ದೇವರು 'ಪ್ರೀತಿ ಮತ್ತು ಶಿಸ್ತಿನ ದೇವರು' ಅನ್ನುವುದನ್ನು ಬಿಟ್ಟು 'ಕಟ್ಟುವ ದೇವರು' ಆದಾಗಲೇ ಉಸಿರಾಡಲು ಶುರು ಮಾಡಿದ್ದು.

ಹಳೇ ದೇವರುಗಳನ್ನೂ ಒಮ್ಮೆ ತಿರುವಿ ಹಾಕಿ. ಕದಿಯುವುದಕ್ಕಲ್ಲ, ಬೇರೆಯವರು ಈ ಗಂಟನ್ನು ಹೇಗೆ ಬಿಡಿಸಿದರು ಅಂತ ನೋಡುವುದಕ್ಕೆ. ಗ್ರೀಕರ ಪ್ರೇಮದೇವರು ಎರೋಸ್‌ಗೆ ರೆಕ್ಕೆ ಇದೆ, ಕಟ್ಟಳೆ ಇಲ್ಲ, ಬಾಣ ಬಿಟ್ಟು ಹೋಗುತ್ತಾನೆ. ಅವರದೇ ಹೇರಾ ಮದುವೆಯನ್ನು ಕಾಯುತ್ತಾಳೆ, ಅವಳ ಸ್ವಂತ ಗಂಡ ಜೀಯಸ್ ಮಾತ್ರ ಬೇರೆಯವರ ಹಿಂದೆ ಹೋಗುತ್ತಲೇ ಇರುತ್ತಾನೆ. ಉತ್ತರ ಯುರೋಪಿನ ನಾರ್ಸ್ ಪುರಾಣದಲ್ಲಿ ವಾರ್ ಅಂತ ಒಬ್ಬ ದೇವತೆ, ಗಂಡು ಹೆಣ್ಣು ಪರಸ್ಪರ ಕೊಟ್ಟ ಮಾತು ಕೇಳಿಸಿಕೊಳ್ಳುವುದು, ತಪ್ಪಿದವರನ್ನು ಶಿಕ್ಷಿಸುವುದು ಅವಳ ಕೆಲಸ. ಚೀನಾದ ಯುಯೆ ಲಾವ್ ಮುದುಕ ಜೋಡಿಯಾಗಬೇಕಾದವರನ್ನು ಕೆಂಪು ದಾರದಿಂದ ಕಟ್ಟಿಬಿಡುತ್ತಾನೆ. ಈಜಿಪ್ಟಿನ ಮಾತ್ ಲೋಕದ ಕ್ರಮಕ್ಕೆ ದೇವತೆ. ತಲೆಯ ಮೇಲೆ ಒಂದು ಉಷ್ಟ್ರಪಕ್ಷಿಯ ಗರಿ, ಸತ್ತವರ ಹೃದಯವನ್ನು ಆ ಗರಿಯ ಎದುರು ತೂಗುತ್ತಾರೆ. ಕೆಲವು ಚಿತ್ರಗಳಲ್ಲಿ ಅವಳ ತೋಳಿಗೇ ರೆಕ್ಕೆ ಇರುತ್ತದೆ.

ನನಗೆ ಜಾಸ್ತಿ ಸಹಾಯ ಮಾಡಿದ್ದು ಮಾತ್ರ ವೇದದ ಮಿತ್ರ. ಅವನು ಒಪ್ಪಂದದ ದೇವರು. ಆ ಹೆಸರೇ ನಮ್ಮ ಬಾಯಲ್ಲಿ ಗೆಳೆಯ ಅಂತ ಉಳಿದಿದೆ. ಇರಾನಿನ ಹಳೇ ಅವೆಸ್ತನ್ ಭಾಷೆಯಲ್ಲಿ ಅದೇ ಪದಕ್ಕೆ ಒಪ್ಪಂದ ಅಂತಲೇ ಅರ್ಥ. ಕೊಟ್ಟ ಮಾತೂ ಒಲವೂ ಬೇರೆಯಲ್ಲ ಅನ್ನುವುದು ಆ ಪದದ ಹೊಟ್ಟೆಯಲ್ಲೇ ಇದೆ. ಅಷ್ಟು ಸಿಕ್ಕಿದರೆ ಸಾಕು, ಪುರಾಣ ಮುಚ್ಚಿಟ್ಟು ನಿಮ್ಮ ಜನರ ಕಡೆ ತಿರುಗಿ.

ಹೆಜ್ಜೆ 3: ಒಂದೇ ಒಂದು ಆಚರಣೆ ಕಟ್ಟಿ, ಅದರಲ್ಲಿ ಎಲ್ಲವೂ ಇರಲಿ

ಹತ್ತು ಹಬ್ಬ ಬೇಡ. ಓದುವವರಿಗೆ ನೆನಪಿರುವುದು ಒಂದೇ. ಆ ಒಂದು ದೃಶ್ಯ ನೋಡಿದರೆ ಈ ದೇವರು ಏನು ಕೇಳುತ್ತಾನೆ, ಏನು ಕೊಡುತ್ತಾನೆ ಎರಡೂ ಗೊತ್ತಾಗಬೇಕು.

ಬಾಲ್ಡ್ ಈಗಲ್ ಹದ್ದುಗಳು ಜೋಡಿಯಾಗುವ ಕಾಲದಲ್ಲಿ ಒಂದು ಕೆಲಸ ಮಾಡುತ್ತವೆ. ಎತ್ತರಕ್ಕೆ ಏರಿ, ಕಾಲಿನ ಉಗುರುಗಳನ್ನು ಒಂದಕ್ಕೊಂದು ಸಿಕ್ಕಿಸಿಕೊಂಡು, ಗಿರಗಿರನೆ ತಿರುಗುತ್ತಾ ಕೆಳಗೆ ಬೀಳುತ್ತವೆ. ನೆಲ ಹತ್ತಿರ ಬಂದಾಗ ಬಿಡಿಸಿಕೊಂಡು ಹಾರುತ್ತವೆ. ಗರಿಯವರಿಗೂ ಅದೇ ಕೊಟ್ಟೆ. ಮದುವೆಯಾಗುವ ಇಬ್ಬರು ಬಂಡೆಯ ನೆತ್ತಿಯಿಂದ ಹಾರಿ, ಎತ್ತರಕ್ಕೆ ಏರಿ, ರೆಕ್ಕೆ ಮಡಚಿ, ಕೈ ಹಿಡಿದು ಬೀಳುತ್ತಾರೆ. ಕೆಳಗೆ ನಿಂತ ಊರಿನವರು ಒಟ್ಟಾಗಿ ಎಣಿಸುತ್ತಾರೆ. ಒಂದು, ಎರಡು, ಮೂರು, ನಾಲ್ಕು, ಐದು. ಐದಕ್ಕೆ ಕೈ ಬಿಡಬೇಕು.

ಮೂರಕ್ಕೇ ಬಿಟ್ಟವನಿಗೆ ನಂಬಿಕೆ ಕಡಿಮೆ. ಆರಾದರೂ ಬಿಡದವಳಿಗೆ ಪ್ರೀತಿ ಜಾಸ್ತಿ ಅಂತ ಯಾರೂ ಹೊಗಳುವುದಿಲ್ಲ, ಇಬ್ಬರೂ ಸಾಯುತ್ತಾರೆ. ನಮ್ಮ ಮಾತಿನಲ್ಲಿ 'ಕೈಬಿಟ್ಟ' ಅಂದರೆ ದ್ರೋಹ. ಗರಿಯವರ ಮಾತಿನಲ್ಲಿ ಸರಿಯಾದ ಎಣಿಕೆಗೆ ಕೈಬಿಡುವುದೇ ಪ್ರೀತಿ, "ನಿನ್ನನ್ನು ಹೊತ್ತಿಗೆ ಸರಿಯಾಗಿ ಕೈಬಿಡುವವರು ಸಿಗಲಿ" ಅಂತ ಅಜ್ಜಿಯರು ಹರಸುತ್ತಾರೆ. ಆಟದಲ್ಲಿ ಈ ಹಾರೈಕೆಯನ್ನು ಮೊದಲ ಸಲ ಹೇಳಿದಾಗ ಒಬ್ಬ ಆಟಗಾರ ಶಾಪ ಅಂದುಕೊಂಡು ಕತ್ತಿ ತೆಗೆದಿದ್ದ. ಅವನಿಗೆ ಆಮೇಲೆ ಆ ದೇವರನ್ನು ವಿವರಿಸಿ ಹೇಳಬೇಕಾಗಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿ, ದೃಶ್ಯಕ್ಕೆ ತೂಕ ಬರುತ್ತದೆ. ಗಾಳಿಯ ತಡೆ ಬಿಟ್ಟು ನೋಡಿದರೆ ಐದು ಸೆಕೆಂಡಿನಲ್ಲಿ ಒಬ್ಬರು ಸುಮಾರು 120 ಮೀಟರ್ ಬೀಳುತ್ತಾರೆ, ಏಳು ಸೆಕೆಂಡಿಗೆ 240 ಮೀಟರ್. ಎಣಿಕೆ ಎರಡು ಹೆಚ್ಚಾದರೆ ಬೀಳುವ ದೂರ ದುಪ್ಪಟ್ಟು. ಹಾಗಾಗಿ ಇನ್ನೂ ಎತ್ತರಕ್ಕೆ ಏರಿ ಏಳು ಎಣಿಸುವ ಊರಿನವರು ಐದು ಎಣಿಸುವ ಊರಿನವರನ್ನು ನೋಡಿ ನಗುತ್ತಾರೆ. ಐದರ ಊರಿನವರು "ನಮ್ಮಲ್ಲಿ ವಿಧವೆಯರು ಕಡಿಮೆ" ಅಂತ ತಿರುಗೇಟು ಕೊಡುತ್ತಾರೆ. ನೋಡಿ, ಪಂಗಡ ಭೇದ ಸುಮ್ನೆ ಹುಟ್ಟಿಕೊಂಡಿತು.

ಹೆಜ್ಜೆ 4: ಹೆಸರು ಮತ್ತು ಸರ್ವನಾಮ

ನಕ್ಷತ್ರ, ಚಂದ್ರ ಅಂತ ಸೇರಿಸಿ ಹೆಸರು ಮಾಡಬೇಡಿ. ಆ ಜನ ಹೇಗೆ ಕೂಗುತ್ತಾರೆ ಅಂತ ಕೇಳಿಕೊಳ್ಳಿ.

ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಲಾ ಗೊಮೆರಾ ಅಂತ ಒಂದು ದ್ವೀಪ ಇದೆ. ಅಲ್ಲಿನ ಜನ ಆಳವಾದ ಕಣಿವೆಗಳಾಚೆಗೆ ಶಿಳ್ಳೆಯಲ್ಲೇ ಮಾತಾಡುತ್ತಾರೆ, ಸುಮ್ನೆ ಸನ್ನೆ ಅಲ್ಲ, ಪೂರ್ತಿ ವಾಕ್ಯಗಳನ್ನೇ. ಕೆಲವು ಕಿಲೋಮೀಟರ್ ದೂರಕ್ಕೆ ಕೇಳುತ್ತದೆ. 2009ರಲ್ಲಿ ಯುನೆಸ್ಕೋ ಅದನ್ನು ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು. ಗಾಳಿಯಲ್ಲಿ ಬದುಕುವವರ ಭಾಷೆ ಹೀಗೇ ಇದ್ದೀತು ಅನ್ನಿಸಿತು. ಇನ್ನು ಆಂಡಿಸ್ ಬೆಟ್ಟಗಳ ಒಂದು ಜಾತಿಯ ರೆನ್ ಹಕ್ಕಿಗಳಲ್ಲಿ ಗಂಡು ಹೆಣ್ಣು ಸರದಿಯಂತೆ ಒಂದೊಂದು ಸ್ವರ ಹಾಡುತ್ತವೆ, ಎಷ್ಟು ಚುರುಕಾಗಿ ಅಂದರೆ ಕೇಳುವವರಿಗೆ ಒಂದೇ ಹಕ್ಕಿ ಹಾಡಿದಂತೆ.

ಇವೆರಡನ್ನೂ ಸೇರಿಸಿದೆ. ದೇವರ ಹೆಸರಿನಲ್ಲಿ ಎರಡು ಶಿಳ್ಳೆ. ಒಬ್ಬರು 'ಈಲಾ' ಅನ್ನಬೇಕು, ಅದು ಮುಗಿಯುವ ಮೊದಲೇ ಇನ್ನೊಬ್ಬರು 'ಆರೂ' ಅನ್ನಬೇಕು. ಎರಡೂ ಒಂದರ ಮೇಲೊಂದು ಬಿದ್ದಾಗ ಹೆಸರು ಪೂರ್ತಿ. ನೆಲದ ಜನ ಅದನ್ನು ಮೊಂಡಾಗಿ 'ಈಲಾರು' ಅಂತಾರೆ. ನಾವೂ ನೆಲದವರೇ, ಹಾಗೇ ಕರೆಯೋಣ.

ಇದರಿಂದ ಏನಾಯಿತು ನೋಡಿ. ಒಬ್ಬಂಟಿಯಾಗಿ ಈ ದೇವರನ್ನು ಕರೆಯಲು ಆಗುವುದಿಲ್ಲ. ನಾನು ಅದನ್ನು ಯೋಚಿಸಿ ಮಾಡಿದ್ದಲ್ಲ, ಚೆಂದ ಇದೆ ಅಂತ ಬರೆದೆ. ಆಮೇಲೆ ರಾತ್ರಿ ಮಲಗಿದಾಗ ತಲೆಗೆ ಬಂತು, ಹಾಗಾದರೆ ಜೋಡಿ ಸತ್ತವರು ಏನು ಮಾಡುತ್ತಾರೆ? ಆ ಪ್ರಶ್ನೆಗೆ ಆಮೇಲೆ ಬರೋಣ.

ಸರ್ವನಾಮದ ತಲೆನೋವೂ ಇದೆ. ನಮಗೆ ಅವನು, ಅವಳು, ಅದು ಇವುಗಳಲ್ಲಿ ಒಂದನ್ನು ಆರಿಸಲೇಬೇಕು. ಸಾಮಾನ್ಯವಾಗಿ ಮನೆಯ ಹಿರಿಯರಿಗೆ ನೀವು ಅಂದರೂ ದೇವರಿಗೆ ಮಾತ್ರ ನೀನು ಅಂತೀವಿ, ಅಷ್ಟು ಸಲುಗೆ. ಈಲಾರು ಒಬ್ಬರೋ ಇಬ್ಬರೋ ಅಂತ ಗರಿಯವರಿಗೇ ತೀರ್ಮಾನವಾಗಿಲ್ಲ, ಅದಕ್ಕೆ ಅವರು ಯಾವಾಗಲೂ 'ನೀವು', 'ಅವರು' ಅಂತಾರೆ. ಮೊದಲ ದೃಶ್ಯದಲ್ಲೇ ಹಾಗೆ ಬರೆದರೆ ಓದುಗರು ಗೌರವ ಅಂದುಕೊಳ್ಳುತ್ತಾರೆ. ಲೆಕ್ಕ ಅಂತ ಗೊತ್ತಾಗುವುದು ಬಹಳ ಆಮೇಲೆ.

ಹೆಜ್ಜೆ 5: ನಿಯಮಗಳು ಮೂರೇ ಇರಲಿ, ಮೂರೂ ಗಾಳಿಯಲ್ಲಿ ಕಾಣಲಿ

'ಸತ್ಯ ಹೇಳು', 'ಹಿರಿಯರನ್ನು ಗೌರವಿಸು' ಇಂಥವು ಯಾವ ದೇವರಿಗೂ ಹೊಂದುತ್ತವೆ. ಹೊಂದಿಕೊಳ್ಳದ ನಿಯಮ ಬೇಕು, ರೆಕ್ಕೆ ಇಲ್ಲದವರು ಕೇಳಿದರೆ ಅರ್ಥವಾಗದಂಥದ್ದು.

ಈಲಾರು ಹೇಳುವ ಮೊದಲನೆಯದು: ಮುಂದೆ ಹಾರಿದಷ್ಟು ಹೊತ್ತು ಹಿಂದೆಯೂ ಹಾರು. ಸಾಲಿನಲ್ಲಿ ಹಾರುವಾಗ ಮುಂದಿರುವವರಿಗೆ ಗಾಳಿ ಸೀಳುವ ಕಷ್ಟ, ಹಿಂದಿರುವವರಿಗೆ ಅವರ ರೆಕ್ಕೆಯಿಂದೆದ್ದ ಗಾಳಿಯ ಲಾಭ. ನಾರ್ದರ್ನ್ ಬಾಲ್ಡ್ ಐಬಿಸ್ ಹಕ್ಕಿಗಳನ್ನು ಯಂತ್ರ ಕಟ್ಟಿ ಅಳೆದು ನೋಡಿದವರಿಗೆ ಒಂದು ವಿಷಯ ಗೊತ್ತಾಯಿತು. ಅವು ಜೋಡಿಜೋಡಿಯಾಗಿ ಸ್ಥಾನ ಬದಲಿಸಿಕೊಳ್ಳುತ್ತವೆ, ಒಂದು ಎಷ್ಟು ಹೊತ್ತು ಮುಂದಿತ್ತೋ ಇನ್ನೊಂದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಮುಂದಿರುತ್ತದೆ. ಗಂಡ ಹೆಂಡತಿ ಜಗಳದಲ್ಲಿ "ನಾನೇ ಯಾವಾಗಲೂ ಮುಂದೆ" ಅನ್ನುವ ಮಾತು ಗರಿಯವರಲ್ಲಿ ನಿಜವಾಗಿ ಪಂಚಾಯಿತಿಗೆ ಹೋಗುತ್ತದೆ.

ಎರಡನೆಯದು: ಏಳು ಜನರ ಮೇಲೆ ಕಣ್ಣಿಡು. ಸಂಜೆ ಹೊತ್ತು ಸಾವಿರಾರು ಸ್ಟಾರ್ಲಿಂಗ್ ಹಕ್ಕಿಗಳು ಹೊಗೆಯಂತೆ ಸುಳಿಯುವುದನ್ನು ರೋಮ್ ನಗರದಲ್ಲಿ ಅಳೆದಾಗ ಪ್ರತಿ ಹಕ್ಕಿಯೂ ಹತ್ತಿರದ ಆರೇಳು ಹಕ್ಕಿಗಳನ್ನು ಮಾತ್ರ ಗಮನಿಸುತ್ತದೆ ಅಂತ ತಿಳಿಯಿತು. ಯಾರೂ ಇಡೀ ಗುಂಪನ್ನು ಆಳುವುದಿಲ್ಲ, ಆದರೂ ಗುಂಪು ಒಡೆಯುವುದಿಲ್ಲ. ಈಲಾರು ಊರಿಗೆ ರಾಜ ಬೇಡ ಅನ್ನುತ್ತಾರೆ, ಪ್ರತಿಯೊಬ್ಬರಿಗೂ ಏಳು ಜನ ಸಾಕು. ಆ ಏಳರಲ್ಲಿ ಒಬ್ಬರು ನಿಮ್ಮ ಜೋಡಿ, ಒಬ್ಬರು ನಿಮಗೆ ಆಗದವರಾಗಿರಲೇಬೇಕು. ಈ ಕೊನೆಯ ಷರತ್ತು ನನ್ನದು, ಹಕ್ಕಿಗಳದ್ದಲ್ಲ. ಕಥೆ ಹುಟ್ಟುವುದು ಅಲ್ಲೇ.

ಮೂರನೆಯದು ಐದಕ್ಕೆ ಕೈಬಿಡು. ಆಗಲೇ ಹೇಳಿದ್ದೇನೆ.

ಪ್ರತಿ ನಿಯಮದ ಪಕ್ಕದಲ್ಲಿ ಒಂದು ಸಾಲು ಬರೆಯಿರಿ, ಇದನ್ನು ಪಾಲಿಸಿ ಕೆಟ್ಟವರು ಯಾರು ಅಂತ. ಆ ಸಾಲು ಬರೆಯಲು ಆಗದಿದ್ದರೆ ನಿಯಮ ಬದಲಿಸಿ.

ಹೆಜ್ಜೆ 6: ಗರಿ ಉದುರುವ ಕಾಲವನ್ನು ದೇವರ ಕ್ಯಾಲೆಂಡರ್ ಮಾಡಿ

ನನಗೆ ತುಂಬಾ ಇಷ್ಟವಾದ ಭಾಗ ಇದು. ಬೆಳೆದು ನಿಂತ ಗರಿ ನಮ್ಮ ಉಗುರು ಕೂದಲಿನ ಹಾಗೆ ಸತ್ತ ವಸ್ತು. ಮುರಿದರೆ ಕೂಡಿಕೊಳ್ಳುವುದಿಲ್ಲ. ಅದು ಉದುರಿ ಹೊಸದು ಬರುವ ತನಕ ಮುರಿದ ಗರಿಯಲ್ಲೇ ಹಾರಬೇಕು. ಹಕ್ಕಿಗಳು ಹಳೇ ಗರಿ ಉದುರಿಸುವುದರಲ್ಲಿ ಎರಡು ದಾರಿ ಇವೆ. ಹೆಚ್ಚಿನವು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತವೆ, ಹಾರಾಟ ನಿಲ್ಲುವುದಿಲ್ಲ. ಬಾತುಕೋಳಿಗಳ ಹೆಚ್ಚಿನ ಜಾತಿಗಳು ಹಾರುವ ಗರಿಗಳನ್ನೆಲ್ಲ ಒಟ್ಟಿಗೇ ಉದುರಿಸಿ ಕೆಲವು ವಾರ ನೆಲ, ನೀರಿನಲ್ಲೇ ಇರುತ್ತವೆ.

ನೀವು ಯಾವುದನ್ನು ಆರಿಸುತ್ತೀರೋ ಅದರ ಮೇಲೆ ಇಡೀ ಸಮಾಜ ನಿಲ್ಲುತ್ತದೆ. ಎಲ್ಲರೂ ಒಟ್ಟಿಗೆ ಉದುರಿಸಿದರೆ ವರ್ಷಕ್ಕೊಮ್ಮೆ ಊರಿಗೂರೇ ನೆಲಕ್ಕಿಳಿಯುತ್ತದೆ, ಶತ್ರುಗಳಿಗೆ ಆ ದಿನ ಗೊತ್ತಿದ್ದರೆ ಮುಗೀತು. ಯುದ್ಧದ ಕಥೆ ಬೇಕಿದ್ದರೆ ಇದನ್ನು ತಗೊಳ್ಳಿ.

ನನಗೆ ಬೇಕಿದ್ದದ್ದು ಬೇರೆ. ಮಂಗಟ್ಟೆ ಹಕ್ಕಿಗಳ ಹಲವು ಜಾತಿಗಳಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲನ್ನು ಮುಚ್ಚಿಕೊಳ್ಳುತ್ತದೆ, ಒಂದು ಸಣ್ಣ ಸೀಳು ಬಿಟ್ಟು. ಒಳಗೇ ಮೊಟ್ಟೆ ಇಡುತ್ತದೆ, ಒಳಗೇ ಹಾರುವ ಗರಿಗಳನ್ನು ಉದುರಿಸುತ್ತದೆ. ವಾರಗಟ್ಟಲೆ ಗಂಡು ತಂದುಕೊಟ್ಟಿದ್ದೇ ಆಹಾರ. ಗಂಡು ಸತ್ತರೆ ಒಳಗಿದ್ದವರ ಗತಿ ಕಷ್ಟ. ಗರಿಯವರಲ್ಲೂ ಜೋಡಿ ಸರದಿಯಂತೆ ಗರಿ ಉದುರಿಸುತ್ತದೆ. ಒಬ್ಬರು ನೆಲದಲ್ಲಿದ್ದಾಗ ಇನ್ನೊಬ್ಬರು ಹಾರುತ್ತಾರೆ, ತರುತ್ತಾರೆ, ಕಾಯುತ್ತಾರೆ. ಇದರ ಹೆಸರು ನೆಲವಾಸ. ಪ್ರೀತಿ ಅಂದರೆ ಏನು ಅಂತ ಈಲಾರು ಎಲ್ಲೂ ಭಾಷಣ ಮಾಡಿಲ್ಲ, ವರ್ಷಕ್ಕೊಮ್ಮೆ ಪ್ರತಿಯೊಬ್ಬರೂ ಹಾರಲಾಗದೆ ಕೂತು ಇನ್ನೊಬ್ಬರ ರೆಕ್ಕೆ ಸದ್ದಿಗಾಗಿ ಕಿವಿ ನೆಟ್ಟಿರುತ್ತಾರೆ. ಅಷ್ಟೇ.

ಶಿಕ್ಷೆಯೂ ಇಲ್ಲೇ ಸಿಕ್ಕಿತು. ಕೊಟ್ಟ ಮಾತು ಮುರಿದವರ ಒಂದು ಗರಿಯನ್ನು ದೇವರ ಹೆಸರಲ್ಲಿ ಅಡ್ಡಕ್ಕೆ ಮುರಿಯುತ್ತಾರೆ. ಹಾರಬಹುದು, ಆದರೆ ಹಾರಿದಾಗ ಸಿಳ್ ಅಂತ ಒಂದು ಸದ್ದು ಬರುತ್ತದೆ, ಯಾರು ಅಂತ ಎಲ್ಲರಿಗೂ ತಿಳಿಯುತ್ತದೆ. ಮುಂದಿನ ನೆಲವಾಸದಲ್ಲಿ ಆ ಗರಿ ಉದುರುತ್ತದೆ. ಹೊಸ ಗರಿ ಬಂದ ಮೇಲೆ ಹಳೇ ಮಾತು ಎತ್ತಿದವರೇ ತಪ್ಪಿತಸ್ಥರು. ಶಿಕ್ಷೆಯ ಅವಧಿಯನ್ನು ನ್ಯಾಯಾಧೀಶರು ತೀರ್ಮಾನಿಸಬೇಕಿಲ್ಲ, ಮೈಯೇ ತೀರ್ಮಾನಿಸುತ್ತದೆ.

ಹೆಜ್ಜೆ 7: ದೇವರ ಕೈ ಕಟ್ಟಿ

ಆಟ ನಡೆಸುವವರು ಇದನ್ನು ಎರಡು ಸಲ ಓದಿ. ಪ್ರೀತಿಯ ದೇವರು ಅಂದ ತಕ್ಷಣ ಮರುಳು ಮಾಡುವ ಮಂತ್ರ, ವಶೀಕರಣದ ಪಾನೀಯ ಅಂತ ಪಟ್ಟಿ ಶುರುವಾಗುತ್ತದೆ. ಬೇಡ. ಟೇಬಲ್ ಹತ್ತಿರ ಕೂತವರಿಗೆ ಅದು ಮುಜುಗರ, ಇನ್ನೊಬ್ಬರ ಪಾತ್ರದ ಮನಸ್ಸನ್ನು ಕಿತ್ತುಕೊಂಡು ನಗುವುದು ನನ್ನ ಟೇಬಲ್‌ನಲ್ಲಿ ಒಂದು ಸಲ ನಡೆದು ಸಂಜೆಯೇ ಹಾಳಾಗಿತ್ತು. ಅದು ಬಿಟ್ಟರೂ, ಈ ದೇವರಿಗೆ ಅದು ಹೊಂದುವುದಿಲ್ಲ. ಬಲವಂತದಿಂದ ಆಡಿಸಿದ ಮಾತು ಮಾತೇ ಅಲ್ಲ. ಕಟ್ಟಳೆಯ ದೇವರು ಅದನ್ನು ಹೇಗೆ ಒಪ್ಪುತ್ತಾರೆ?

ಈಲಾರು ಯಾರ ಮನಸ್ಸನ್ನೂ ಮುಟ್ಟುವಂತಿಲ್ಲ. ಅವರು ಮಾಡಬಲ್ಲದ್ದು ಇಷ್ಟು: ಕೊಟ್ಟ ಮಾತು ಕೇಳಿಸಿಕೊಳ್ಳುವುದು, ಎಷ್ಟೇ ದೂರವಿದ್ದರೂ ಜೋಡಿಗೆ ಪರಸ್ಪರ ಇರುವ ದಿಕ್ಕು ತಿಳಿಸುವುದು, ಮತ್ತು ಬೀಳುತ್ತಿರುವವರಿಗೆ ಎಣಿಕೆ ಕೇಳಿಸುವುದು. ಮೂರನೆಯದನ್ನು ಆಟಗಾರರು ಯುದ್ಧದಲ್ಲಿ ಬಳಸಿದ ರೀತಿ ನಾನು ಕನಸಲ್ಲೂ ಎಣಿಸಿರಲಿಲ್ಲ. ಕತ್ತಲಲ್ಲಿ, ಮಂಜಿನಲ್ಲಿ, ನೆಲ ಎಷ್ಟು ದೂರ ಅಂತ ಗೊತ್ತಿಲ್ಲದೆ ಬೀಳುವವಳ ಕಿವಿಯಲ್ಲಿ ಯಾರೋ ಮೆಲ್ಲಗೆ ಮೂರು, ನಾಲ್ಕು ಅನ್ನುತ್ತಾರೆ. ದೊಡ್ಡ ಮಿಂಚು ಗುಡುಗಿಗಿಂತ ಅದೇ ಮೈ ಜುಮ್ ಅನ್ನಿಸುತ್ತದೆ.

ಹೆಜ್ಜೆ 8: ಹೊರಗೆ ನಿಂತವರು ಯಾರು?

ಜೋಡಿಗಳ ದೇವರಿದ್ದರೆ ಜೋಡಿ ಇಲ್ಲದವರು ಇದ್ದೇ ಇರುತ್ತಾರೆ. ಅವರನ್ನು ಮರೆತರೆ ನಿಮ್ಮ ದೇವರು ಮದುವೆ ಕಾರ್ಡಿನ ಮೇಲಿನ ಚಿತ್ರ ಆಗುತ್ತಾನೆ.

ಹಕ್ಕಿಗಳನ್ನು ನಿಷ್ಠೆಗೆ ಉದಾಹರಣೆ ಕೊಡುವುದು ಹಳೇ ಅಭ್ಯಾಸ. ನೂರಕ್ಕೆ ತೊಂಬತ್ತರಷ್ಟು ಜಾತಿಗಳು ಜೋಡಿಯಾಗಿ ಸಂಸಾರ ನಡೆಸುತ್ತವೆ ಅನ್ನುವುದು ಸರಿ. ಆದರೆ ಡಿಎನ್ಎ ಪರೀಕ್ಷೆ ಬಂದ ಮೇಲೆ ಎಷ್ಟೋ ಜಾತಿಗಳ ಗೂಡಿನಲ್ಲಿ ಬೇರೆ ತಂದೆಯ ಮರಿಗಳೂ ಸಿಕ್ಕವು. ಹವಾಯಿಯ ಓಹು ದ್ವೀಪದ ಲೇಸನ್ ಆಲ್ಬಟ್ರಾಸ್ ನೆಲೆಯೊಂದರಲ್ಲಿ ನೂರಕ್ಕೆ 31 ಜೋಡಿಗಳು ಎರಡೂ ಹೆಣ್ಣೇ ಆಗಿದ್ದವು ಅಂತ 2008ರಲ್ಲಿ ವರದಿಯಾಯಿತು. ಅವೂ ಗೂಡು ಕಟ್ಟಿ ಮರಿ ಸಾಕುತ್ತಿದ್ದವು. ಅದೇ ಜಾತಿಯ ವಿಸ್ಡಮ್ ಅನ್ನುವ ಹೆಣ್ಣು ಹಕ್ಕಿಯ ಕಾಲಿಗೆ 1956ರಲ್ಲಿ ಮಿಡ್‌ವೇ ದ್ವೀಪದಲ್ಲಿ ಉಂಗುರ ಹಾಕಿದ್ದರು. ಅದರ ಹಳೇ ಜೋಡಿ ಕೆಲವು ವರ್ಷಗಳಿಂದ ಕಾಣಿಸಿರಲಿಲ್ಲ. 2024ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅದು ಹೊಸ ಜೋಡಿಯ ಜೊತೆ ಮತ್ತೆ ಮೊಟ್ಟೆ ಇಟ್ಟಿತು.

ನಿಮ್ಮ ಪೂಜಾರಿಗಳು ಏನೇ ಉಪದೇಶ ಮಾಡಲಿ, ಗೂಡುಗಳಲ್ಲಿ ನಡೆಯುವುದು ಇಷ್ಟು ಬಗೆಬಗೆಯಾಗಿರಲಿ. ಈಲಾರು ಗಂಡು ಹೆಣ್ಣು ಅಂತ ಎಲ್ಲೂ ಹೇಳಿಲ್ಲ, ಎರಡು ದನಿ ಅಂದಿದ್ದಾರೆ. ಹಾಗಾಗಿ ಅಕ್ಕತಂಗಿಯರು ಜೋಡಿ ಕಟ್ಟಿಕೊಂಡು ನೆಲವಾಸ ಹಂಚಿಕೊಳ್ಳಬಹುದು, ಇಬ್ಬರು ಗೆಳೆಯರೂ ಇರಬಹುದು, ಪ್ರಣಯವೇ ಬೇಡ ಅನ್ನುವವರಿಗೂ ಜಾಗ ಇದೆ.

ಜಾಗ ಇಲ್ಲದಿರುವುದು ಒಬ್ಬಂಟಿಗಳಿಗೆ. ನನ್ನ ಕಥೆಯಲ್ಲಿ ಎದುರಾಳಿ ಹುಟ್ಟಿದ್ದು ಅಲ್ಲಿಂದ. ದಯವಿಟ್ಟು 'ದ್ವೇಷದ ದೇವರು', 'ಗೊಂದಲದ ದೇವರು' ಅಂತ ಇನ್ನೊಬ್ಬನನ್ನು ತರಬೇಡಿ, ಅದು ಸೋಮಾರಿತನ. ಗಂಡ ಸತ್ತ ಒಬ್ಬಳು ಒಂದು ಎತ್ತರದ ಬಂಡೆಯ ಎದುರು ಹೋಗಿ ನಿಲ್ಲುತ್ತಾಳೆ. 'ಈಲಾ' ಅಂತ ಶಿಳ್ಳೆ ಹಾಕುತ್ತಾಳೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಬಂಡೆ 170 ಮೀಟರ್ ದೂರವಿದ್ದರೆ ಒಂದು ಸೆಕೆಂಡಿಗೆ ಸರಿಯಾಗಿ ಅವಳದೇ ದನಿ ತಿರುಗಿ ಬರುತ್ತದೆ. ಆ ಪ್ರತಿಧ್ವನಿಯ ಮೇಲೆ ಅವಳು 'ಆರೂ' ಅನ್ನುತ್ತಾಳೆ. ಹೆಸರು ಪೂರ್ತಿಯಾಯಿತು. ಈಲಾರು ಓಗೊಟ್ಟರು.

ಪೂಜಾರಿಗಳಿಗೆ ಇದು ದೊಡ್ಡ ಪಾಪ, ಯಾಕೆಂದರೆ ಇದು ಸರಿ ಅಂತಾದರೆ ಜೋಡಿಯೇ ಬೇಕಿಲ್ಲ. ಒಬ್ಬಂಟಿಗಳಿಗೆ ಇದೇ ಹೊಸ ಬಾಳು. ಬಂಡೆಯ ಸುತ್ತ ಒಂದು ಊರೇ ಬೆಳೆಯುತ್ತದೆ. ಅವರಲ್ಲಿ ನೆಲವಾಸದ ಹೊತ್ತಿಗೆ ಯಾರು ಯಾರನ್ನು ಸಾಕಬೇಕು ಅನ್ನುವ ಕಟ್ಟಳೆ ಇಲ್ಲ, ಮೊದಲ ವರ್ಷವೇ ಹಸಿವಿನಿಂದ ಸತ್ತವರಿದ್ದಾರೆ. ಎರಡೂ ಕಡೆಯವರ ಮಾತಿನಲ್ಲೂ ನ್ಯಾಯ ಇದೆ. ನನ್ನ ಆಟಗಾರರು ಯಾವ ಕಡೆ ಸೇರಬೇಕು ಅಂತ ಒಂದೂವರೆ ಗಂಟೆ ಜಗಳವಾಡಿದರು, ನಾನು ಒಂದು ದಾಳವನ್ನೂ ಉರುಳಿಸಲಿಲ್ಲ.

ಹೆಜ್ಜೆ 9: ಗುಡಿ, ಪೂಜಾರಿ

ಬೇಗ ಮುಗಿಸಿ. ಗುಡಿಗೆ ಮೆಟ್ಟಿಲು ಬೇಡ, ಮಾಡು ಬೇಡ, ಇಳಿಯಲು ಅಗಲವಾದ ಕಲ್ಲುಹಾಸು ಸಾಕು. ಬಾಗಿಲು ಇಡಲೇಬೇಕು ಅಂದರೆ ಮಡಚಿದ ರೆಕ್ಕೆಯ ಎತ್ತರ ನೆನಪಿರಲಿ. ಪೂಜಾರಿಗಳು ಯಾವಾಗಲೂ ಇಬ್ಬರು, ಒಬ್ಬರು ಸತ್ತರೆ ಇನ್ನೊಬ್ಬರು ಆ ದಿನದಿಂದ ಪೂಜಾರಿ ಅಲ್ಲ. ಈ ಕೊನೆಯದನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಮೇಲೆ ಹೇಳಿದ ವಿಧವೆ ಮೊದಲು ಯಾರಾಗಿದ್ದಳು ಅಂತ ಈಗ ಊಹಿಸಿರುತ್ತೀರಿ.

ಹೆಜ್ಜೆ 10: ಎಲ್ಲವನ್ನೂ ಒಂದು ಹಾಳೆಗೆ ಇಳಿಸಿ, ಒಂದು ಜಾಗ ಖಾಲಿ ಬಿಡಿ

ಮೇಲಿನದೆಲ್ಲ ಒಂದು ಹಾಳೆಯ ಒಂದು ಮಗ್ಗುಲಿಗೆ ಹಿಡಿಯಬೇಕು. ಹಿಡಿಯದಿದ್ದರೆ ಗುಡಿಯ ಭಾಗ ಹೊಡೆದು ಹಾಕಿ, ಆಮೇಲೆ ದೇವರ ಹುಟ್ಟಿನ ಕಥೆ, ಆಮೇಲೆ ಬಟ್ಟೆಬರೆ. ಬೀಳುವ ಆಚರಣೆ, ಮೂರು ನಿಯಮ, ನೆಲವಾಸ, ಹೊರಗೆ ನಿಂತವರು ಇಷ್ಟು ಉಳಿಯಲಿ.

ಮೊದಲ ದೃಶ್ಯದಲ್ಲಿ ದೇವರ ಹೆಸರು ಹೇಳಬೇಡಿ. ಗರಿ ಉದುರಿ ಕೂತ ಒಬ್ಬ ಮುದುಕ, ಕತ್ತಲಾಗುತ್ತಿದೆ, ಅವನು ಆಕಾಶ ನೋಡುತ್ತಾ ಮೆಲ್ಲಗೆ 'ಈಲಾ' ಅಂತ ಶಿಳ್ಳೆ ಹಾಕಿ ಕಾಯುತ್ತಿದ್ದಾನೆ. ಅಷ್ಟೇ ಕೊಡಿ. ಓದುವವರು ಅಥವಾ ಆಡುವವರು ತಾವೇ ಕೇಳುತ್ತಾರೆ, ಯಾಕೆ ಅರ್ಧಕ್ಕೆ ನಿಲ್ಲಿಸಿದ ಅಂತ.

ಆ ಹಾಳೆಯಲ್ಲಿ ಒಂದು ಪ್ರಶ್ನೆಯ ಮುಂದೆ ಮಾತ್ರ ಏನೂ ಬರೆಯಬೇಡಿ: ಈಲಾರು ಅವರೇ ಯಾರ ಕೈಬಿಟ್ಟರು, ಎಷ್ಟಕ್ಕೆ? ಯಾರಾದರೂ ಕೇಳಿಯೇ ಕೇಳುತ್ತಾರೆ. ನನ್ನ ಟೇಬಲ್‌ನಲ್ಲಿ ಕೇಳಿದ್ದು ಹನ್ನೊಂದನೇ ವಾರದಲ್ಲಿ, ಕತ್ತಿ ತೆಗೆದಿದ್ದನಲ್ಲ, ಅವನೇ. ನಾನು ನಾಲ್ಕು ತನಕ ಎಣಿಸಿ ಸುಮ್ಮನಾದೆ.